ಅಕ್ಕನ ಮೆತ್ತೆ

"ಅಲುಗಾಡ್ಬೇಡ ಅಕ್ಕ."

"ಅಲುಗಾಡ್ತಿಲ್ಲ ಕಣೇ. ನಗ್ತಿದೀನಿ."

"ನಕ್ಕರೂ ಅಲುಗಾಡಿದ ಹಾಗೇ ಲೆಕ್ಕ."

"ಹಾಗಾದ್ರೆ ನೀನು ನಗಿಸ್ಬೇಡ."

ಗಾಜಿನ ಗೋಡೆಯ ಈಚೆ ಮೈಕಿನ ಮುಂದೆ ಕೂತಿದ್ದ ತಂಗಿ ಬಾಯಿ ಮುಚ್ಚಿಕೊಂಡಳು. ಆಚೆ, ಎತ್ತರದ ಮಂಚದ ಮೇಲೆ ಅಕ್ಕ ಬೋರಲು ಮಲಗಿದ್ದಳು. ಮಂಚದ ನಡುವೆ ಒಂದು ದುಂಡನೆಯ ಕಿಂಡಿ, ಕಿಂಡಿಯ ಕೆಳಗೆ ಮೈಬಿಸಿಯಷ್ಟೇ ಬೆಚ್ಚಗಿನ ನೀರು ತುಂಬಿದ ಪಾತ್ರೆ. ಎಡ ಎದೆ ಆ ನೀರಿಗೆ ಇಳಿದಿರಬೇಕು. ಅದರ ಸುತ್ತ ದೊಡ್ಡ ಬಳೆಯಂಥದೊಂದು ಮೆಲ್ಲಗೆ ಮೇಲಿಂದ ಕೆಳಕ್ಕೆ ಸರಿಯಬೇಕು. ಬಳೆಯ ಒಳಮೈಯಲ್ಲಿ ಸಾಲಾಗಿ ಕೂತ ಸಣ್ಣ ಬಿಲ್ಲೆಗಳು ಕಿವಿಗೆ ಕೇಳಿಸದಂಥ ಶಬ್ದ ಹೊರಡಿಸುತ್ತವೆ. ಒಂದು ಬಿಲ್ಲೆ ಕೂಗಿದ್ದನ್ನು ಉಳಿದವೆಲ್ಲ ಕೇಳಿಸಿಕೊಳ್ಳುತ್ತವೆ. ಶಬ್ದ ಎಲ್ಲಿ ಬೇಗ ಓಡಿತು, ಎಲ್ಲಿ ತಡವರಿಸಿತು ಎಂದು ಲೆಕ್ಕ ಹಾಕಿ ಕಂಪ್ಯೂಟರು ಒಳಗಿನ ಚಿತ್ರ ಬರೆಯುತ್ತದೆ. ಗಂಟು ಇದ್ದರೆ ಅಲ್ಲಿ ಮಾಂಸ ಗಟ್ಟಿ. ಗಟ್ಟಿಯಾದ ಕಡೆ ಶಬ್ದ ಬೇಗ ಓಡಿಬಿಡುತ್ತದೆ, ಚಿತ್ರದಲ್ಲಿ ಕಲೆ ಬೀಳುತ್ತದೆ. ಕ್ಷಕಿರಣವಿಲ್ಲ, ಒತ್ತುವುದಿಲ್ಲ, ಚುಚ್ಚುವುದಿಲ್ಲ. ಕ್ಯಾನ್ಸರು ಕೈಗೆ ಸಿಗುವಷ್ಟು ಬೆಳೆಯುವ ಮೊದಲೇ, ಎಳ್ಳಿನಷ್ಟಿರುವಾಗಲೇ, ಅದನ್ನು ಹಿಡಿಯಬೇಕು ಎನ್ನುವುದು ತಂಗಿಯ ಹಟವಾಗಿತ್ತು.

ತಂಗಿ ಭೌತವಿಜ್ಞಾನಿ. ಈ ಕೆಲಸಕ್ಕೆ ಬರುವ ಮೊದಲು ಸೇತುವೆಗಳ ಉಕ್ಕಿನೊಳಗೆ ಇದೇ ಶಬ್ದವನ್ನು ಹಾಯಿಸಿ ಬಿರುಕು ಹುಡುಕುತ್ತಿದ್ದಳು. ಉಕ್ಕಿನ ತೊಲೆಗೆ ಚಳಿಯಾಗುವುದಿಲ್ಲ, ಮೂಗು ತುರಿಸುವುದಿಲ್ಲ, ನಡುವೆ ಗಿರಾಕಿಯ ಫೋನೂ ಬರುವುದಿಲ್ಲ. ನಿನಗಿಂತ ಅದೇ ಎಷ್ಟೋ ವಾಸಿ ಎಂದು ಅಕ್ಕನನ್ನು ರೇಗಿಸುತ್ತಿದ್ದಳು. ಆದರೆ ಅಕ್ಕನ ಹಾಗೆ ಮಲಗುವವರು ಊರೆಲ್ಲ ಹುಡುಕಿದರೂ ಸಿಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಇಂಥ ಯಂತ್ರವನ್ನು ಬಿಚ್ಚಿ ಬಿಗಿಮಾಡಿದಾಗಲೆಲ್ಲ, ಒಳಗೇನಿದೆ ಎಂದು ಮೊದಲೇ ಗೊತ್ತಿರುವುದೊಂದನ್ನು ಅದರಲ್ಲಿಟ್ಟು ನೋಡಬೇಕು. ಅದಕ್ಕೆಂದೇ ಎದೆಯ ಆಕಾರದ ಒಂದು ಜೆಲ್ಲಿ ಗೊಂಬೆ ಇತ್ತು. ಬೇಸಿಗೆಯಲ್ಲಿ ಏ.ಸಿ. ಕೈಕೊಟ್ಟು ಅದು ಒಣಗಿ ಸೀಳುಬಿಟ್ಟಿತು. ಹೊಸದನ್ನು ಮಾಡಿಕೊಡಬೇಕಾದ ಕಾರ್ಖಾನೆಯವರು ಇಗೋ ಬಂತು, ಅಗೋ ಬಂತು ಎಂದು ದಿನ ತಳ್ಳಿದರು. ಹೊರಗಿನ ಹೆಂಗಸರನ್ನು ಮಲಗಿಸಲು ಅನುಮತಿ ಇರಲಿಲ್ಲ. ಲ್ಯಾಬಿನವರು, ಅವರ ಮನೆಯವರು ಮಾತ್ರ ಮಲಗಬಹುದಿತ್ತು. ಯಂತ್ರ ನಡೆಸುವ ಸಿಸ್ಟರು ಒಂದು ಸಲ ಮಲಗಿ, ಪಕ್ಕೆಲುಬು ಹಿಡಿದುಕೊಂಡು ಎದ್ದವರು, ಮತ್ತೆ ಆ ಮಂಚದ ಕಡೆ ತಲೆ ಹಾಕಲಿಲ್ಲ.

"ನಿನ್ನ ಗೊಂಬೆ ಬರೋ ತನಕ ನಾನೇ ಗೊಂಬೆ ಆಗ್ತೀನಿ ಬಿಡೇ," ಎಂದಿದ್ದಳು ಅಕ್ಕ. ಅವತ್ತಿನಿಂದ ಲ್ಯಾಬಿನವರ ಬಾಯಲ್ಲಿ ಅವಳು ಗೊಂಬೆಯಮ್ಮ.

ಅಕ್ಕನದು ಎರಡು ಬೀದಿ ಆಚೆ ಹೊಲಿಗೆ ಅಂಗಡಿ. ಮೊದಲ ದಿನವೇ ಮಂಚದಿಂದಿಳಿದು, "ಇದು ಮನುಷ್ಯರು ಮಲಗೋ ಮಂಚಾನಾ? ಮೀನು ಕೊಯ್ಯೋ ಹಲಗೆ ಇದಕ್ಕಿಂತ ಮೆತ್ತಗಿರುತ್ತೆ," ಎಂದು ಬೈದಳು. ಮುಂದಿನ ಸಲ ಬರುವಾಗ ಕಂಕುಳಲ್ಲಿ ಒಂದು ಮೆತ್ತೆ ಇತ್ತು. ತನ್ನ ಮೈಯ ಅಳತೆಯನ್ನು ತಾನೇ ತೆಗೆದು, ಗಲ್ಲಕ್ಕೊಂದು ತಗ್ಗು, ಭುಜಕ್ಕೊಂದು ತಗ್ಗು, ಹೊಟ್ಟೆಗೆ, ಸೊಂಟಕ್ಕೆ ಬೇರೆ ಬೇರೆ ತಗ್ಗು ಬಿಟ್ಟು, ಒಳಗೆ ಹತ್ತಿ ತುಂಬಿ ಹೊಲಿದಿದ್ದಳು. ಎಡ ಎದೆಯ ಜಾಗದಲ್ಲಿ ಕಿಂಡಿಗೆ ಸರಿಯಾಗಿ ಒಂದು ತೂತು. ಅದರ ಮೇಲೆ ಬೋರಲು ಬಿದ್ದರೆ ಅಕ್ಕ ಬೀಗದೊಳಗೆ ಕೀಲಿಕೈ ಕೂತ ಹಾಗೆ ಕೂತುಬಿಡುತ್ತಿದ್ದಳು. ಈ ಸಲದ ಚಿತ್ರವನ್ನು ಹೋದ ಸಲದ ಚಿತ್ರದ ಮೇಲಿಟ್ಟರೆ ನೂಲಿನಷ್ಟೂ ವ್ಯತ್ಯಾಸ ಸಿಗುತ್ತಿರಲಿಲ್ಲ. ತಂಗಿ ಖುಷಿಯಿಂದ ಅಕ್ಕನ ಕೆನ್ನೆ ಹಿಂಡಿದ್ದಳು.

"ಆಯ್ತು, ಏಳು," ಎಂದಳು ತಂಗಿ ಮೈಕಿನಲ್ಲಿ.

ಸಿಸ್ಟರು ಟವೆಲು ಹಿಡಿದು ಹೋದರು. ಅಕ್ಕ ಮೈ ಒರೆಸಿಕೊಂಡು, ಕಡುನೀಲಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಈಚೆ ಬಂದಳು. ತಂಗಿಯ ಭುಜದ ಮೇಲಿಂದ ಪರದೆಯನ್ನು ಇಣುಕಿ ನೋಡಿದಳು. ಅಲ್ಲಿ ಬೂದು ಬಣ್ಣದ ಒಂದು ವೃತ್ತ, ಅದರೊಳಗೆ ಎಲೆಯ ನರಗಳಂಥ ಗೆರೆಗಳು.

"ಏನಂತೆ?"

"ಚೊಕ್ಕವಾಗಿದೆ."

"ಯಂತ್ರದಲ್ಲಿ ಏನೋ ಕಲೆ ಬೀಳ್ತಿದೆ ಅಂತ ತಲೆ ಕೆಡಿಸ್ಕೊಂಡಿದ್ಯಲ್ಲ, ಅದು ಹೋಯ್ತಾ?"

"ಯಾವತ್ತೋ ಅಳಿಸಿ ಹಾಕಿದೀನಿ."

"ನನ್ ತಂಗಿ ಅಂದ್ರೆ ಸುಮ್ನೇನಾ," ಎಂದಳು ಅಕ್ಕ, ಸಿಸ್ಟರಿಗೆ ಕೇಳುವ ಹಾಗೆ. ಆಮೇಲೆ ಮಂಚದ ಮೇಲಿಂದ ಮೆತ್ತೆಯನ್ನು ಎತ್ತಿಕೊಂಡು ಒಂದು ಕಡೆ ಹಿಸುಕಿ ನೋಡಿದಳು. "ಇದನ್ನ ಇವತ್ತು ಅಂಗಡಿಗೆ ತಗೊಂಡು ಹೋಗ್ತೀನಿ. ಈ ಎಡಗಡೆ, ಕಂಕುಳ ಹತ್ರ, ಏನೋ ಒತ್ತುತ್ತೆ. ಹತ್ತಿ ಗಂಟು ಕಟ್ಟಿರ್ಬೇಕು. ಬಿಚ್ಚಿ ಹಿಂಜಿ ಮತ್ತೆ ತುಂಬ್ತೀನಿ."

"ಇನ್ನು ನಿನಗೆ ಅದರ ಕೆಲಸ ಇಲ್ಲ ಅಕ್ಕ. ಹೊಸ ಗೊಂಬೆ ಇವತ್ತು ಬರುತ್ತಂತೆ."

"ಬರ್ಲಿ ಬಿಡು. ನಾನೂ ರಿಟೈರ್ ಆಗ್ತೀನಿ." ಬಾಗಿಲ ತನಕ ಹೋದವಳು ತಿರುಗಿದಳು. "ಮರೆತೆ. ಆಸ್ಪತ್ರೆಯಿಂದ ಮತ್ತೆ ಫೋನ್ ಬಂದಿತ್ತು. ವರ್ಷಕ್ಕೊಂದ್ಸಲ ಎದೆ ಫೋಟೋ ತೆಗಿಸ್ಕೋಬೇಕಂತೆ, ನಾನು ಹೋಗದೆ ತುಂಬಾ ದಿನ ಆಯ್ತಂತೆ. ಹದಿನೈದು ದಿನಕ್ಕೊಂದ್ಸಲ ನನ್ ತಂಗೀನೇ ನೋಡ್ತಾಳೆ, ನಿಮ್ಮದೇನು ಹೆಚ್ಚುಗಾರಿಕೆ ಅಂದೆ. ಫೋನ್ ಇಟ್ಟುಬಿಟ್ರು!"

ಹೋಗಿ ಬಾ ಅಕ್ಕ ಎನ್ನುವ ಮಾತು ತಂಗಿಯ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಕ್ಕ ಬೇರೆ ಮಾತಿಗೆ ಹಾರಿದ್ದಳು. "ಸಾಯಂಕಾಲ ಅಂಗಡಿಗೆ ಬಾ. ಕೋಟು ಹಾಕಿ ನೋಡ್ಬೇಕು. ಸೋಮವಾರ ಅಷ್ಟು ಜನರ ಮುಂದೆ ನೀನು ಈ ಮಾಸಲು ಸ್ವೆಟರಲ್ಲಿ ನಿಂತ್ರೆ ಮಾನ ಹೋಗೋದು ನಂದು." ಮೆತ್ತೆಯನ್ನು ಮಗುವಿನಂತೆ ಹೆಗಲಿಗೆ ಹಾಕಿಕೊಂಡು ನಡೆದಳು.

ಸೋಮವಾರ ಯಂತ್ರದ ಉದ್ಘಾಟನೆ ಇತ್ತು. ಅನುಮತಿ ಬಂದಿತ್ತು, ಊರಿನ ಹೆಂಗಸರು ಹೆಸರು ಬರೆಸಿ ಕಾಯುತ್ತಿದ್ದರು. ಗೊಂಬೆಯೊಂದು ಬಂದರೆ, ಕಡೆಯ ಸಲ ಅಳತೆ ಸರಿ ನೋಡಿಕೊಂಡರೆ, ಮುಗಿಯಿತು.

ಗೊಂಬೆ ಮಧ್ಯಾಹ್ನದ ಊಟಕ್ಕೆ ಮೊದಲೇ ಬಂತು. ಸಿಸ್ಟರು ಪೆಟ್ಟಿಗೆ ಒಡೆದು, ಒಣಹುಲ್ಲಿನಂಥ ಕಾಗದದ ಸಿಂಬಿಯೊಳಗಿಂದ ಅದನ್ನು ಎತ್ತಿದರು. ಹಾಲಿನ ಬಣ್ಣ, ಮುಟ್ಟಿದರೆ ತಣ್ಣಗೆ. "ಗೊಂಬೆಯಮ್ಮನಷ್ಟು ಮಾತಾಡಲ್ಲ, ಅಷ್ಟೇ ಕೊರತೆ," ಎನ್ನುತ್ತ ನೀರಿಗಿಳಿಸಿದರು. ತಂಗಿ ಗುಂಡಿ ಒತ್ತಿದಳು. ಬಳೆ ಇಳಿಯಿತು. ಪರದೆಯ ಮೇಲೆ ಬೂದು ವೃತ್ತ ಮೂಡತೊಡಗಿತು.

ಒಳಗೆಲ್ಲ ಒಂದೇ ಸಮನೆ ಬೂದು ಇರಬೇಕಿತ್ತು. ಆದರೆ ಒಂದು ಅಂಚಿನಲ್ಲಿ, ಮನುಷ್ಯರಾಗಿದ್ದರೆ ಕಂಕುಳು ಬರುವ ಕಡೆ, ಯಾರೋ ಕಚ್ಚಿ ತೆಗೆದ ಹಾಗೆ ಒಂದು ಕಪ್ಪು ಗುಳಿ ಇತ್ತು.

"ಅಯ್ಯೋ, ಹೊಸದಕ್ಕೂ ಗುಳಿ ಬಿದ್ದಿದೆಯಲ್ಲ ಮೇಡಂ. ವಾಪಸ್ ಕಳಿಸೋಣ್ವಾ?"

"ಸ್ವಲ್ಪ ತಿರುಗಿಸಿ ಇಡಿ."

ಸಿಸ್ಟರು ಗೊಂಬೆಯನ್ನು ಅರ್ಧ ತಿರುಗಿಸಿ ಇಟ್ಟರು. ಬಳೆ ಮತ್ತೆ ಇಳಿಯಿತು. ಗುಳಿ ತಿರುಗಲಿಲ್ಲ. ಅದೇ ಜಾಗದಲ್ಲಿ, ಅಷ್ಟೇ ಕಪ್ಪಾಗಿ ಇತ್ತು. ಹಾಗಾದರೆ ಅದು ಗೊಂಬೆಯದಲ್ಲ.

ಆ ಜಾಗ ತಂಗಿಗೆ ಗೊತ್ತಿತ್ತು.

ಮಳೆ ಹಿಡಿದ ಹೊಸದರಲ್ಲಿ ಅಕ್ಕನ ಚಿತ್ರದಲ್ಲಿ ಅದೇ ಜಾಗದಲ್ಲಿ ಒಂದು ಮಸುಕು ಕಲೆ ಕಾಣಿಸಿಕೊಂಡಿತ್ತು. ಕಲೆ ಕಂಡರೆ ಡಾಕ್ಟರಾದವರು ಮೈಯನ್ನು ಅನುಮಾನಿಸುತ್ತಾರೆ. ತಂಗಿಯ ಕಸುಬಿನವರು ಮೊದಲು ಯಂತ್ರವನ್ನು ಅನುಮಾನಿಸುತ್ತಾರೆ. ಅದನ್ನು ಅವರು ದೊಡ್ಡ ಗುಣವೆಂದೇ ತಿಳಿದಿದ್ದಾರೆ, ತಮ್ಮ ಕೈಕೆಲಸವನ್ನು ತಾವೇ ನಂಬದಿರುವುದು. ಅದಕ್ಕೆ ತಕ್ಕಂತೆ ಹಿಂದೆ ಒಮ್ಮೆ ಅಂಥದೇ ಕಲೆ ನೀರಿನ ಗುಳ್ಳೆ ಎಂದು ಗೊತ್ತಾಗಿತ್ತು. ಇನ್ನೊಮ್ಮೆ ಬಿಲ್ಲೆಯೊಂದರ ತಂತಿ ಸಡಿಲವಾಗಿತ್ತು. ಆ ದೋಷ ಬರಿಯ ನೀರಿನಲ್ಲಿ ಕಾಣದೆ ಮೈಯಿಟ್ಟಾಗ ಮಾತ್ರ ಕಂಡಿತ್ತು. ಹೀಗಾಗಿ ಈ ಸಲವೂ ತಂಗಿ ಒಂದು ಪರೀಕ್ಷೆ ಮಾಡಿದಳು. ಮೈಯೊಳಗಿನದಾದರೆ ಅದು ಜಾಗ ಬದಲಿಸುತ್ತದೆ, ಯಾಕೆಂದರೆ ಯಾವ ಹೆಂಗಸೂ ಎರಡು ಸಲ ಒಂದೇ ಹಾಗೆ ಮಲಗುವುದಿಲ್ಲ. ಯಂತ್ರದ್ದಾದರೆ ಕದಲುವುದಿಲ್ಲ. ಅಕ್ಕ ಮತ್ತೆ ಮತ್ತೆ ಬಂದು ಮಲಗಿದಳು. ಕಲೆ ಕೂದಲೆಳೆಯಷ್ಟೂ ಕದಲಲಿಲ್ಲ.

ಆಗ ತಂಗಿ ತಿದ್ದುಪಡಿ ಬರೆದಳು. ಆ ಜಾಗದಲ್ಲಿ ಯಂತ್ರ ಎಷ್ಟು ತಪ್ಪು ತೋರಿಸುತ್ತಿದೆಯೋ ಅಷ್ಟನ್ನು ಪ್ರತಿ ಚಿತ್ರದಿಂದಲೂ ಕಳೆದುಬಿಡುವ ಲೆಕ್ಕ ಅದು. ತಪ್ಪು ದಿನೇ ದಿನೇ ಸ್ವಲ್ಪ ಹೆಚ್ಚುತ್ತಿತ್ತು, ಬಿಲ್ಲೆ ಸವೆಯುತ್ತಿದೆ ಎಂದುಕೊಂಡು, ಅಕ್ಕ ಮಲಗಿದಾಗಲೆಲ್ಲ ಲೆಕ್ಕವೂ ತಾನಾಗಿ ಹೊಸದಾಗುವಂತೆ ಮಾಡಿಟ್ಟಳು. ಚಿತ್ರಗಳು ಚೊಕ್ಕವಾದವು. ಆಸ್ಪತ್ರೆಯ ಡಾಕ್ಟರಮ್ಮ ಬಂದಾಗ ಅವರಿಗೆ ತೋರಿಸಿದ್ದೂ ಚೊಕ್ಕ ಚಿತ್ರಗಳನ್ನೇ. ಇಷ್ಟು ಸ್ವಚ್ಛವಾದ ಚಿತ್ರ ನಾನು ನೋಡೇ ಇಲ್ಲ ಎಂದು ಅವರು ಹೊಗಳಿ ಹೋಗಿದ್ದರು.

ತಂಗಿ ಆ ತಿದ್ದುಪಡಿಯನ್ನು ನಿಲ್ಲಿಸಿದಳು. "ಇನ್ನೊಂದ್ಸಲ," ಎಂದಳು.

ಬಳೆ ಇಳಿಯಿತು. ಗುಳಿ ಇರಲಿಲ್ಲ. ಬೂದು ವೃತ್ತ ಅಂಚಿನಿಂದ ಅಂಚಿಗೆ ಒಂದೇ ಸಮನಾಗಿತ್ತು.

"ಆಹಾ, ಸರಿಹೋಯ್ತು," ಎಂದರು ಸಿಸ್ಟರು. "ಏನು ಮಾಡಿದ್ರಿ ಮೇಡಂ?"

"ಏನೂ ಮಾಡಿಲ್ಲ. ನೀವು ಊಟಕ್ಕೆ ಹೋಗಿ."

ಸಿಸ್ಟರು ಅವಳ ಮುಖ ನೋಡಿ ಇನ್ನೇನೋ ಕೇಳಬೇಕೆಂದವರು, ಕೇಳದೆ ಹೋದರು. ಬಾಗಿಲು ಮುಚ್ಚಿತು. ಪಾತ್ರೆಯ ನೀರನ್ನು ಬೆಚ್ಚಗಿಡುವ ಪಂಪು ಗುಯ್ಗುಟ್ಟುತ್ತಲೇ ಇತ್ತು.

ಯಂತ್ರದಲ್ಲಿ ದೋಷ ಇದ್ದಿದ್ದರೆ ತಿದ್ದುಪಡಿ ಅದನ್ನು ಕಳೆದು ಗೊಂಬೆಯ ಚಿತ್ರ ಸಮನಾಗಿ ಬರಬೇಕಿತ್ತು. ಇಲ್ಲದ್ದನ್ನು ಕಳೆದದ್ದಕ್ಕೆ ಗುಳಿ ಬಿದ್ದಿತ್ತು. ಯಂತ್ರ ಯಾವತ್ತೂ ತಪ್ಪಿರಲಿಲ್ಲ. ಕಲೆ ಯಂತ್ರದ್ದಲ್ಲ. ಕಲೆ ಕಂಡಾಗಿನಿಂದ ಆ ಮಂಚದ ಮೇಲೆ ಮಲಗಿದ್ದು ಅಕ್ಕ ಒಬ್ಬಳೇ.

ಅದು ಯಾಕೆ ಕದಲಲಿಲ್ಲ ಎಂದು ಈಗ ಗೊತ್ತಾಯಿತು. ಮೆತ್ತೆ. ಅಕ್ಕನ ಮೈಯನ್ನು ಪ್ರತಿ ಸಲವೂ ಕೂದಲೆಳೆ ತಪ್ಪದೆ ಅದೇ ಜಾಗಕ್ಕೆ ತಂದು ಕೂರಿಸುತ್ತಿದ್ದ ಮೆತ್ತೆ. ಬಲ ಎದೆಯನ್ನು ಒಂದೇ ಒಂದು ಸಲ ನೀರಿಗಿಳಿಸಿ ನೋಡಿದ್ದರೆ ಸಾಕಾಗಿತ್ತು. ಯಂತ್ರದ ದೋಷವಾಗಿದ್ದರೆ ಅಲ್ಲೂ ಕಾಣಬೇಕಿತ್ತಲ್ಲ. ತಂಗಿಗೆ ಅದು ಹೊಳೆಯದೆ ಇರಲಿಲ್ಲ. ಆದರೆ ಮೆತ್ತೆ ಇದ್ದದ್ದು ಎಡಗಡೆಗೆ. ಅವತ್ತು ಅಕ್ಕ, ಗಿರಾಕಿ ಕಾಯ್ತಿದಾರೆ ಕಣೇ ಎಂದು ಅವಸರ ಮಾಡಿದ್ದಳು. ಮುಂದಿನ ಸಲ ನೋಡೋಣ ಎಂದುಕೊಂಡು ಬಿಟ್ಟದ್ದು, ಚಿತ್ರ ಚೊಕ್ಕವಾದ ಮೇಲೆ ಮರೆತೇ ಹೋಗಿತ್ತು.

ಮೂಲ ಚಿತ್ರಗಳೆಲ್ಲ ಕಂಪ್ಯೂಟರಿನಲ್ಲಿ ಹಾಗೇ ಇದ್ದವು. ತಿದ್ದುಪಡಿಯಿಲ್ಲದೆ ಒಂದೊಂದನ್ನೇ ತೆರೆದು ತಂಗಿ ಪಕ್ಕಪಕ್ಕಕ್ಕೆ ಇಟ್ಟಳು. ಬೇಸಿಗೆಯದರಲ್ಲಿ ಏನೂ ಇಲ್ಲ. ಮಳೆಗಾಲದ ಮೊದಲಿನದರಲ್ಲಿ, ಗೊತ್ತಿದ್ದವರಿಗೆ ಮಾತ್ರ ಕಾಣುವಂತೆ, ಒಂದು ಎಳ್ಳು. ಆಮೇಲೆ ಮೆಣಸಿನ ಕಾಳು. ಆಮೇಲೆ ಬಟಾಣಿ, ದುಂಡಗಿರದೆ ಅಂಚೆಲ್ಲ ಮುಳ್ಳುಮುಳ್ಳು. ಬೆಳಗಿನ ಚಿತ್ರ ತೆರೆಯಲು ಅವಳಿಗೆ ಧೈರ್ಯ ಸಾಲಲಿಲ್ಲ. ಸ್ವಲ್ಪ ಹೊತ್ತು ಕೀಲಿಮಣೆಯ ಮೇಲೆ ಕೈಯಿಟ್ಟುಕೊಂಡು ಕೂತು, ಆಮೇಲೆ ತೆರೆದಳು. ಅದರಲ್ಲಿ ದೊಡ್ಡದರ ಪಕ್ಕದಲ್ಲಿ, ಕಂಕುಳಿಗೆ ಇನ್ನಷ್ಟು ಹತ್ತಿರ, ಇನ್ನೊಂದು ಸಣ್ಣದು ಇತ್ತು.

"ಭೇಷ್!"

ತಂಗಿ ಬೆಚ್ಚಿಬಿದ್ದಳು. ಹಿಂದೆ ನಿರ್ದೇಶಕರು ನಿಂತಿದ್ದರು. ಯಾರು ಏನು ಹೇಳಿದರೂ ಭೇಷ್ ಎನ್ನುವುದರಿಂದ ಬೆನ್ನ ಹಿಂದೆ ಅವರಿಗೆ ಭೇಷ್ ಸಾಹೇಬರು ಎಂದೇ ಹೆಸರು. ಮನುಷ್ಯ ಕೆಟ್ಟವರಲ್ಲ. ಸೋಮವಾರದ ಸಡಗರದಲ್ಲಿ ಮೂರು ದಿನದಿಂದ ಸರಿಯಾಗಿ ಊಟವನ್ನೂ ಮಾಡಿರಲಿಲ್ಲ.

"ನಮ್ಮ ಯಂತ್ರದ್ದೇನಾ ಇದು? ಇಷ್ಟು ಸಣ್ಣದಿದ್ದಾಗಲೇ ಹಿಡಿದಿದೆಯಲ್ರೀ!" ಅವರು ಕನ್ನಡಕ ಏರಿಸಿಕೊಂಡು ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. "ಎಳ್ಳಿನಷ್ಟೂ ಇಲ್ಲ. ಬೇರೆ ಯಾವ ಯಂತ್ರಾನೂ ಇದನ್ನ ಹಿಡೀತಿರಲಿಲ್ಲ. ನಾನು ಹೇಳಿರ್ಲಿಲ್ವಾ, ನೀವು ಗೆದ್ದೇ ಗೆಲ್ತೀರಿ ಅಂತ? ಸೋಮವಾರ ಭಾಷಣದಲ್ಲಿ ಇದನ್ನೇ ತೋರಿಸೋಣ. ಹೀಗೇ ಸಾಲಾಗಿ. ಜನ ದಂಗಾಗಿ ಹೋಗ್ಬೇಕು."

ತಂಗಿ ಕುರ್ಚಿಯನ್ನು ಪಕ್ಕಕ್ಕೆ ಸರಿಸಿಕೊಂಡಳು.

"ಈ ಪೇಷಂಟು ಈಗ ಹೇಗಿದಾರೆ? ಆಪರೇಷನ್ ಆಯ್ತಾ?"

"ಇಲ್ಲ ಸರ್."

"ಯಾಕೆ?"

"ಅವರಿಗಿನ್ನೂ ಗೊತ್ತಿಲ್ಲ."

ನಿರ್ದೇಶಕರು ಸೆಟೆದು ನಿಂತರು. ಸಾಲಿನ ಮೊದಲ ಚಿತ್ರದ ಕೆಳಗಿದ್ದ ತಾರೀಖು ನೋಡಿದರು, ಕಡೆಯದರ ತಾರೀಖು ನೋಡಿದರು. ಆಮೇಲೆ ಮಂಚದ ಕಡೆ ನೋಡಿದರು. ಮೆತ್ತೆ ಇಲ್ಲದ ಮಂಚ ಬೋಳಾಗಿ ಕಾಣುತ್ತಿತ್ತು. ಗೊಂಬೆಯಮ್ಮ ಅವರಿಗೂ ಒಂದು ಕೋಟು ಹೊಲಿದುಕೊಟ್ಟಿದ್ದಳು.

"ಹೋಗಮ್ಮ," ಎಂದರು ಕಡೆಗೆ. ಮೇಡಂ ಎನ್ನುವುದನ್ನು ಮರೆತಿದ್ದರು. "ಸೋಮವಾರದ್ದು ನಾನು ನೋಡ್ಕೋತೀನಿ. ನೀನು ಹೋಗು."

ತಂಗಿ ಹೊರಗೆ ಬಂದಳು. ರಸ್ತೆಯಲ್ಲಿ ನಿಂತು ಡಾಕ್ಟರಮ್ಮನಿಗೆ ಫೋನು ಮಾಡಿದಳು. ಅವರು ಎಲ್ಲ ಕೇಳಿಕೊಂಡರು. ಆಮೇಲೆ, ನಾಳೆ ರಜೆಯಾದರೂ ಪರವಾಗಿಲ್ಲ, ಬೆಳಿಗ್ಗೆ ಕರಕೊಂಡು ಬನ್ನಿ, ಎಂದರು. ಪಕ್ಕದ ಗಂಟಿನ ವಿಷಯ ಹೇಳಿದಾಗ ಮಾತ್ರ, "ಅದು ಯಾವತ್ತಿನಿಂದ ಇದೆ?" ಎಂದು ಎರಡು ಸಲ ಕೇಳಿದರು. ವಾಸಿಯಾಗುತ್ತದೆಯೇ ಎಂದು ತಂಗಿ ಕೇಳಲಿಲ್ಲ. ಕೇಳಿದರೆ ಅವರು ಉತ್ತರ ಕೊಟ್ಟುಬಿಡುತ್ತಾರೆ ಎಂದು ಹೆದರಿಕೆಯಾಯಿತು.

ಎರಡು ಬೀದಿ ದಾಟಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಹಣ್ಣಿನಂಗಡಿಯ ಮುಂದೆ ನಿಂತಳು, ಬೇಡದಿದ್ದರೂ ಕಿತ್ತಳೆ ಆರಿಸಿದಳು, ಮತ್ತೆ ವಾಪಸ್ ಇಟ್ಟಳು. ಹೇಗೆ ಶುರುಮಾಡುವುದು? ಸೇತುವೆಯಲ್ಲಿ ಬಿರುಕು ಸಿಕ್ಕಿದಾಗ ಅವಳು ಸೀಮೆಸುಣ್ಣದಲ್ಲಿ ಗುರುತು ಹಾಕಿ ಕೆಳಗಿಳಿದುಬಿಡುತ್ತಿದ್ದಳು. ಸೇತುವೆಗೆ ತಿಳಿಸಬೇಕಾಗಿರಲಿಲ್ಲ. ಮತ್ತು ಆ ಬಿರುಕುಗಳಲ್ಲಿ ಒಂದನ್ನೂ ಅವಳು ತನ್ನ ಕೈಯಾರೆ ಮುಚ್ಚಿಟ್ಟಿರಲಿಲ್ಲ.

ಅಂಗಡಿಯಲ್ಲಿ ಇಸ್ತ್ರಿಯ ಬಿಸಿ ವಾಸನೆ. ನಿಲುವುಗನ್ನಡಿಯ ಪಕ್ಕದ ಮೊಳೆಗೆ ಹೊಸ ಕೋಟು ತೂಗುಹಾಕಿತ್ತು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮೆತ್ತೆ ಬಿದ್ದಿತ್ತು, ಹೊಲಿಗೆಯೆಲ್ಲ ಬಿಚ್ಚಿ, ಹೊಟ್ಟೆ ಖಾಲಿಯಾಗಿ. ಹತ್ತಿ ಪಕ್ಕದಲ್ಲಿ ಗುಡ್ಡೆಯಾಗಿತ್ತು.

"ಬಂದ್ಯಾ? ಇಷ್ಟು ಬೇಗ ಬರ್ತೀಯ ಅಂದ್ಕೊಂಡಿರ್ಲಿಲ್ಲ. ಹಾಕ್ಕೋ, ಹಾಕ್ಕೋ," ಎಂದು ಅಕ್ಕ ಕೋಟನ್ನು ಹಿಡಿದಳು. ತಂಗಿ ತೋಳು ತೂರಿಸಿದಳು. ಅಕ್ಕ ಬಾಯಲ್ಲಿ ಗುಂಡುಪಿನ್ನುಗಳನ್ನು ಕಚ್ಚಿಕೊಂಡು, ಅವಳ ಕಾಲಬಳಿ ಮಂಡಿಯೂರಿ, ಕೋಟಿನ ಅಂಚು ಮಡಿಸತೊಡಗಿದಳು. ಬಾಯಲ್ಲಿ ಪಿನ್ನಿದ್ದಾಗ ಅಕ್ಕನಿಗೆ ಮಾತು ಬರುವುದಿಲ್ಲ. ಈಗಲೇ ಹೇಳಿಬಿಡಬೇಕು ಎನಿಸಿತು ತಂಗಿಗೆ.

"ಗೊಂಬೆ ಬಂತು ಅಕ್ಕ."

"ಹ್ಞೂಂ."

"ಅದನ್ನ ಇಟ್ಟು ನೋಡಿದೆ. ಯಂತ್ರ ಸರಿಯಾಗೇ ಇದೆ. ಮೊದಲಿಂದಾನೂ ಸರಿಯಾಗೇ ಇತ್ತು."

"ಹ್ಞೂಂ!" ಅಕ್ಕನ ಕಣ್ಣು ಅರಳಿದವು. ನಾನು ಹೇಳಿರಲಿಲ್ಲವಾ ಎನ್ನುವಂತೆ ತಂಗಿಯ ಮಂಡಿಗೆ ಒಂದು ಏಟು ಕೊಟ್ಟಳು. ಒಂದು ಪಿನ್ನು ಚುಚ್ಚಿದಳು. ಇನ್ನೊಂದನ್ನು ತೆಗೆದು ಅಂಚಿನ ಹತ್ತಿರ ತಂದವಳ ಕೈ ಅಲ್ಲೇ ನಿಂತಿತು.

ಹೊರಗ್ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು. ಅಕ್ಕ ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮಣಿಕಟ್ಟಿನ ಪಟ್ಟಿಗೆ ಸಿಕ್ಕಿಸಿದಳು. ಎದ್ದು ನಿಂತಳು.

"ಯಂತ್ರ ಸರಿಯಾಗೇ ಇದ್ರೆ, ಆ ಕಲೆ?"

ಕನ್ನಡಿಯಲ್ಲಿ ಅಕ್ಕನೇ ತಂಗಿಯ ಮುಖವನ್ನು ಓದಿಕೊಂಡಳು. ಚಿಕ್ಕಂದಿನಿಂದ ಓದಿದ ಮುಖ ಅದು, ಅದರಲ್ಲಿ ಏನನ್ನೂ ಬಚ್ಚಿಡಲು ಬರುತ್ತಿರಲಿಲ್ಲ.

"ಮೆತ್ತೆ ಬಿಚ್ಚಿದೆ," ಎಂದಳು ಅಕ್ಕ. ಮೇಜಿನ ಹತ್ತಿರ ಹೋಗಿ ಹತ್ತಿಯ ಗುಡ್ಡೆಯೊಳಗೆ ಬೆರಳಾಡಿಸಿದಳು. "ಬೆಳಿಗ್ಗೆ ಬಂದವಳೇ ಬಿಚ್ಚಿ ನೋಡಿದೆ. ಎಲ್ಲಾ ಕಡೆ ಹುಡುಕಿದೆ. ಗಂಟೇ ಇರ್ಲಿಲ್ಲ ಕಣೇ. ಹತ್ತಿ ಒಂದೇ ಸಮ ಇತ್ತು, ನಾನು ತುಂಬಿದ ಹಾಗೇ."

"ಅಕ್ಕ..."

"ಯಾವಾಗಿಂದ?"

"ಮಳೆ ಶುರುವಾದಾಗಿಂದ."

"ನೀನು ನೋಡಿದ್ಯಾ?"

"ನೋಡ್ದೆ. ಪ್ರತಿ ಸಲಾನೂ ನೋಡ್ದೆ. ಪ್ರತಿ ಸಲಾನೂ ನಾನೇ ಅಳಿಸ್ದೆ. ಯಂತ್ರದ್ದು ಅಂದ್ಕೊಂಡೆ. ನಿನ್ನದೂ ಇರ್ಬಹುದು ಅಂತ ಒಂದ್ಸಲಾನೂ ಅನ್ನಿಸ್ಲಿಲ್ಲ ಅಕ್ಕ. ಆಸ್ಪತ್ರೆಗೆ ಹೋಗು ಅಂತಾನಾದ್ರೂ ಹೇಳ್ಬೇಕಿತ್ತು. ಅದನ್ನೂ ಹೇಳ್ಲಿಲ್ಲ."

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅಕ್ಕ ಬೈಯುತ್ತಾಳೆ ಎಂದುಕೊಂಡಿದ್ದಳು, ಬೈದರೆ ಒಳ್ಳೆಯದು ಎಂದೂ ಬಯಸಿದ್ದಳು. ಅಪ್ಪಿಕೊಂಡು ಸಮಾಧಾನ ಹೇಳಿದರೆ ಹೇಗೆ ತಡೆದುಕೊಳ್ಳುವುದು ಎಂದು ಹೆದರಿದ್ದಳು. ಅಕ್ಕ ಎರಡನ್ನೂ ಮಾಡಲಿಲ್ಲ. ಮೇಜಿಗೆ ಒರಗಿ, ಕೈಯಲ್ಲಿದ್ದ ಒಂದು ಹಿಡಿ ಹತ್ತಿಯನ್ನು ಹಿಂಜುತ್ತ ನಿಂತಿದ್ದಳು.

"ಅಳ್ಬೇಡ," ಎಂದಳು ಕಡೆಗೆ. "ಕೋಟಿನ ಮೇಲೆ ಬೀಳುತ್ತೆ. ಆ ಬಟ್ಟೆಗೆ ನೀರು ತಾಗಿದ್ರೆ ಗುರುತು ಉಳಿಯುತ್ತೆ."

"ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗೋಣ. ಡಾಕ್ಟರಮ್ಮ ಬರ್ತಾರೆ. ಫೋನ್ ಮಾಡಿದೀನಿ."

"ಹ್ಞೂಂ."

"ನಾನು ನಿನ್ನ ಜೊತೇನೇ ಇರ್ತೀನಿ."

"ಹ್ಞೂಂ," ಎಂದಳು ಮತ್ತೆ. ಬಾಯಲ್ಲಿ ಪಿನ್ನುಗಳಿದ್ದಾಗಿನ ಹ್ಞೂಂ ಅದು, ಈಗ ಪಿನ್ನಿರಲಿಲ್ಲ. ಆಮೇಲೆ ಮೇಜಿನ ಅಂಚಿನಲ್ಲಿ ತಡಕಿ, ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣ ತೆಗೆದು ತಂಗಿಯ ಕೈಗಿಟ್ಟಳು. ನೆಟ್ಟಗೆ ನಿಂತು, ಎಡಗೈಯನ್ನು ತಲೆಯ ಮೇಲಕ್ಕೆತ್ತಿದಳು.

"ಎಲ್ಲಿ ಅಂತ ಗುರುತು ಹಾಕು."

"ಬೇಡ ಅಕ್ಕ."

"ಹಾಕೇ. ಎಲ್ಲಿ, ಎಷ್ಟು ಅಂತ ನಾನೂ ನೋಡ್ತೀನಿ. ಇಷ್ಟು ದಿನ ನೀನೊಬ್ಬಳೇ ನೋಡಿದ್ದಾಯ್ತು."

ಆ ಮಾತು ತಂಗಿಗೆ ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ಅವಳು ಹತ್ತಿರ ಬಂದಳು. ಕಡುನೀಲಿ ಅಂಗಿಯ ಮೇಲೆ ಸುಣ್ಣದ ತುದಿ ತಾಗಿಸಿದಳು. ಜಾಗ ಹುಡುಕಬೇಕಾಗಿರಲಿಲ್ಲ, ಕಣ್ಣು ಮುಚ್ಚಿದರೂ ಅವಳಿಗೆ ಗೊತ್ತಿತ್ತು. ಆದರೆ ಗೆರೆ ಎತ್ತೆತ್ತಲೋ ಹೋಗುತ್ತಿತ್ತು. ಅಕ್ಕ ತನ್ನ ಇನ್ನೊಂದು ಕೈಯಿಂದ ಅವಳ ಮಣಿಕಟ್ಟನ್ನು ಹಿಡಿದುಕೊಂಡಳು.

"ಅಲುಗಾಡ್ಬೇಡ," ಎಂದಳು.

ಒಂದು ಸುತ್ತು ಬರೆದು, ಅದರ ಪಕ್ಕದಲ್ಲಿ ಇನ್ನೊಂದು ಸಣ್ಣ ಸುತ್ತು ಬರೆಯುವಾಗ ತಂಗಿ ತಡವರಿಸಿದಳು. ಅಕ್ಕ ಬಗ್ಗಿ ನೋಡಿದಳು. "ಎರಡಾ?" ಎಂದಳು. ತಂಗಿ ತಲೆಯಾಡಿಸಿದಳು. ಅಕ್ಕ ಎತ್ತಿದ ಕೈಯನ್ನು ಮೆಲ್ಲಗೆ ಇಳಿಸಿದಳು.

ಬಾಗಿಲು ತಳ್ಳಿಕೊಂಡು ಗಿರಾಕಿಯೊಬ್ಬಳು ಒಳಗೆ ಬಂದಳು. ಕೈಯಲ್ಲಿ ಬಟ್ಟೆಯ ಗಂಟು, ಬಾಯ್ತುಂಬ ಮಾತು. ತಡವಾಯಿತೇನೋ, ಊಟಕ್ಕೆ ಬಾಗಿಲು ಹಾಕಿಬಿಟ್ಟಿರುತ್ತೀರೇನೋ ಅಂತ ಓಡೋಡಿ ಬಂದೆ ಎಂದಳು. ಅಕ್ಕ ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡು ಅವಳ ಎದುರಿಗೆ ಹೋದಳು.

"ಅಯ್ಯೋ, ನಿಮ್ಮ ಅಂಗಿಗೆ ಸುಣ್ಣ ಹತ್ಕೊಂಡಿದೆ ನೋಡಿ," ಎಂದು ಗಿರಾಕಿ ಒರೆಸಲು ಕೈ ಚಾಚಿದಳು.

ಅಕ್ಕ ಒಂದು ಹೆಜ್ಜೆ ಹಿಂದೆ ಸರಿದಳು. "ಇರ್ಲಿ, ಗೊತ್ತು," ಎಂದಳು. "ತೋಳು ಎತ್ತಿ."

ಮೇಜಿನ ಪಕ್ಕದಲ್ಲಿ ತಂಗಿ ಅರ್ಧ ಪಿನ್ನು ಹಾಕಿದ ಕೋಟಿನಲ್ಲಿ ಹಾಗೇ ನಿಂತಿದ್ದಳು. ಅವಳ ಬೆರಳೆಲ್ಲ ಬಿಳಿಯಾಗಿದ್ದವು.